ಲಿಂಬೋ ಆಟದಲ್ಲಿ ಮರಣಪ್ರಮಾಣ: ಒಂದು ಶಾಸ್ತ್ರೀಯ ವಿವೇಚನೆ

ಯಾವ ಕೃತಿಯನ್ನು ಕೈಗೆತ್ತಿಕೊಂಡರೂ ಮೊದಲು ಕವಿ, ಕಾಲ, ದೇಶಗಳನ್ನು ನಿಷ್ಕರ್ಷೆ ಮಾಡಬೇಕೆಂಬುದು ನಮ್ಮ ವಿದ್ವತ್ ಪರಂಪರೆಯ ಕಟ್ಟಳೆ. ಒಬ್ಬ ಕವಿ ಹತ್ತನೆಯ ಶತಮಾನದವನೋ ಹನ್ನೆರಡನೆಯದವನೋ ಎಂಬ ಒಂದೇ ಪ್ರಶ್ನೆಯ ಮೇಲೆ ಎರಡು ತಲೆಮಾರಿನ ಪ್ರಾಧ್ಯಾಪಕರು ಸಂಸಾರ ಸಾಗಿಸಿದ ನಾಡು ಇದು. ಆ ದೃಷ್ಟಿಯಿಂದ ‘ಲಿಂಬೋ’ ಎಂಬ ವಿಡಿಯೋ ಗೇಮ್ ಸಂಶೋಧಕನಿಗೆ ಬಗೆದ ದ್ರೋಹ ಅಷ್ಟಿಷ್ಟಲ್ಲ. ಅದರ ಕಾಲ 2010ರ ಜುಲೈ 21 ಎಂದು ತಾರೀಖಿನ ಸಮೇತ ಗೊತ್ತಿದೆ. ದೇಶ ಡೆನ್ಮಾರ್ಕ್, ಊರು ಕೋಪನ್‌ಹೇಗನ್. ಕರ್ತೃ ಆರ್ನ್ಟ್ ಯೆನ್ಸೆನ್. ಡಿನೋ ಪ್ಯಾಟಿಯ ಜೊತೆ ಸೇರಿ 2006ರಲ್ಲಿ ಅವರು ಕಟ್ಟಿದ ‘ಪ್ಲೇಡೆಡ್’ ಸಂಸ್ಥೆಯೇ ಇದರ ತವರು. ಆಶ್ರಯದಾತನ ವಿಷಯದಲ್ಲೂ ಜಗಳಕ್ಕೆ ಆಸ್ಪದವಿಲ್ಲ: ಮೊದಲ ಸುಮಾರು ಒಂದು ವರ್ಷ ಕೃತಿ ಎಕ್ಸ್‌ಬಾಕ್ಸ್ 360ರ ಆಸ್ಥಾನದಲ್ಲಿತ್ತು, 2011ರಲ್ಲಿ ಪ್ಲೇಸ್ಟೇಷನ್‌ಗೂ ಕಂಪ್ಯೂಟರ್‌ಗೂ ಇಳಿದುಬಂದು ಪ್ರಜೆಗಳ ಪಾಲಾಯಿತು. ಹೀಗೆ ಪಿಎಚ್‌.ಡಿ.ಯ ಮೊದಲ ಮೂರು ಅಧ್ಯಾಯಗಳು ಒಂದೇ ಪ್ಯಾರಾದಲ್ಲಿ ಮುಗಿದುಹೋದವು. ಉಳಿದದ್ದು ಕೃತಿಯೊಂದೇ. ವಿಧಿಯಿಲ್ಲದೆ ಅದರ ಬಗ್ಗೆಯೇ ಬರೆಯಬೇಕಾಗಿದೆ.

ಕಥಾಸಾರ ಚಿಕ್ಕದು. ಒಬ್ಬ ಹುಡುಗ ಕಾಡಿನಲ್ಲಿ ಕಣ್ಣು ಬಿಡುತ್ತಾನೆ. ಬಲಕ್ಕೆ ನಡೆಯುತ್ತಾನೆ. ಸಾಯುತ್ತಾನೆ. ಸತ್ತ ಜಾಗಕ್ಕಿಂತ ತುಸು ಹಿಂದೆ ಎದ್ದು ಮತ್ತೆ ಬಲಕ್ಕೆ ನಡೆಯುತ್ತಾನೆ. ಒಡಹುಟ್ಟಿದವಳಿಗೆ ಏನಾಯಿತೋ ಎಂದು ಹುಡುಕಿ ಹೊರಟವನು ಇವನು ಎಂಬುದು ಪ್ರಚಾರಕ್ಕೆ ಬರೆದ ಒಂದು ಸಾಲಿನಿಂದ ತಿಳಿಯುತ್ತದೆಯೇ ಹೊರತು ಆಟದಿಂದಲ್ಲ. ಅವಳು ಅಕ್ಕನೋ ತಂಗಿಯೋ ಅದೂ ಅಸ್ಪಷ್ಟ. ಒಂದು ವಿಚಾರಸಂಕಿರಣಕ್ಕೆ ಇಷ್ಟು ಸಾಕು. ಆಟದೊಳಗೆ ಮಂಗಳಾಚರಣೆಯಿಲ್ಲ, ಪೀಠಿಕಾ ಸಂಧಿಯಿಲ್ಲ, ಯಾರೂ ತುಟಿ ಬಿಚ್ಚುವುದಿಲ್ಲ, ಯಾವ ಗುಂಡಿ ಒತ್ತಿದರೆ ಏನಾಗುತ್ತದೆಂದು ಹೇಳುವವರಿಲ್ಲ.

ಜಾನಪದ ಕ್ಷೇತ್ರಕಾರ್ಯದ ಶಿಸ್ತಿನಂತೆ ವಕ್ತೃವಿನ ವಿವರವನ್ನೂ ದಾಖಲಿಸಬೇಕು. ವಕ್ತೃ: ಪ್ರಬಂಧಕಾರನ ಅಕ್ಕನ ಮಗ. ವಿದ್ಯಾಭ್ಯಾಸ: ದ್ವಿತೀಯ ಪಿಯುಸಿ. ವೃತ್ತಿ: ಮೊಬೈಲ್. ಕೃತಿ ಇವನಿಗೆ ಕಂಠಸ್ಥವಲ್ಲ, ಕರಸ್ಥ. ಪ್ರಬಂಧಕಾರ ಆಡುತ್ತಿರುವಾಗ ಸೋಫಾದ ತುದಿಯಲ್ಲಿ ಕೂತು “ಮಾವ, ಹಾರಿ!” ಎನ್ನುವುದು ಇವನ ನಿರೂಪಣಾ ವಿಧಾನ.

ಇನ್ನು ರಸವಿಚಾರ. ಭರತನ ನಾಟ್ಯಶಾಸ್ತ್ರ ಒಂದೊಂದು ರಸಕ್ಕೂ ಒಂದೊಂದು ಬಣ್ಣ ಹೇಳಿದೆ. ಭಯಾನಕಕ್ಕೆ ಕಪ್ಪು. ಕರುಣಕ್ಕೆ ಪಾರಿವಾಳದ ಬೂದು. ಹಾಸ್ಯಕ್ಕೆ ಬಿಳಿ. ಲಿಂಬೋದಲ್ಲಿ ಇರುವುದು ಈ ಮೂರೇ ಬಣ್ಣ, ನಾಲ್ಕನೆಯದಿಲ್ಲ! ಯೆನ್ಸೆನ್ ಭರತನನ್ನು ಓದಿದ್ದರೆಂಬುದಕ್ಕೆ ಆಧಾರವಿಲ್ಲ, ಓದಿರಲಿಲ್ಲವೆಂಬುದಕ್ಕೂ ಆಧಾರವಿಲ್ಲ. ನಮ್ಮ ಸಂಶೋಧನಾ ಕ್ರಮದಲ್ಲಿ ಎರಡನೆಯದಷ್ಟೇ ಇದ್ದರೆ ಸಾಕು. ಕಪ್ಪು ಎಲ್ಲಿದೆ? ಮರ, ನೆಲ, ಜೇಡ, ಹುಡುಗನ ಮೈ. ಬೂದು? ಹಿಂದೆ ಕವಿದ ಮಂಜು. ಬಿಳಿ ಎದ್ದು ಕಾಣುವುದು ಹುಡುಗನ ಎರಡು ಕಣ್ಣುಗಳಲ್ಲಿ. ಅಲ್ಲಿ ಹಾಸ್ಯಕ್ಕೇನು ಕೆಲಸ ಎಂದು ಕೇಳಬಹುದು. ಹುಡುಗ ಸತ್ತಾಗ ಆ ಎರಡು ಚುಕ್ಕೆಗಳು ಮೆಲ್ಲಗೆ ಆರುತ್ತವೆ, ಸರಿಯಾಗಿ ಅದೇ ಹೊತ್ತಿಗೆ ಸೋಫಾದ ತುದಿಯಿಂದ ನಗು ಕೇಳಿಬರುತ್ತದೆ. ರಸ ಇರುವುದು ಪಾತ್ರದಲ್ಲಲ್ಲ, ಸಹೃದಯನಲ್ಲಿ ಎಂಬ ಸಿದ್ಧಾಂತಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ?

ಬೀಭತ್ಸಕ್ಕೆ ಭರತ ಹೇಳಿದ್ದು ನೀಲಿ. ಕಾಲುಗಳನ್ನೆಲ್ಲ ಕಳೆದುಕೊಂಡು ಬಿದ್ದಿರುವ ಜೇಡನ ಕೊನೆಯ ಕಾಲನ್ನು ಹುಡುಗ ಹಿಡಿದೆಳೆದು ಕಿತ್ತು, ಆ ಮುಂಡವನ್ನು ಹಳ್ಳಕ್ಕೆ ಉರುಳಿಸಿ ಮೇಲೆ ಕಾಲಿಟ್ಟು ದಾಟುವ ಪ್ರಸಂಗದಲ್ಲೂ ನೀಲಿ ಇಲ್ಲ. ಈ ಕೊರತೆ ತಯಾರಕರಿಗೂ ತೋಚಿರಬೇಕು. ಕ್ರೂರ ಸಾವನ್ನು ಮರೆಮಾಡುವ ಆಯ್ಕೆಯೊಂದನ್ನು ಸೆಟ್ಟಿಂಗ್ಸ್‌ನಲ್ಲಿ ಇಟ್ಟಿದ್ದಾರೆ. ಅದನ್ನು ಆನ್ ಮಾಡಿದರೆ ತಲೆ ಹಾರುವ ಕ್ಷಣಕ್ಕೆ ಸರಿಯಾಗಿ ಪರದೆ ಕಪ್ಪಾಗುತ್ತದೆ: ಬೀಭತ್ಸ ಹೋಗಿ ಶುದ್ಧ ಭಯಾನಕ ಉಳಿಯುತ್ತದೆ. ಸಂಗೀತದ ವಿಚಾರ ಒಂದೇ ಮಾತು. ಮಾರ್ಟಿನ್ ಸ್ಟಿಗ್ ಆಂಡರ್ಸನ್ ಇದಕ್ಕೆ ಕಟ್ಟಿರುವುದು ಹಾಡಲ್ಲ, ಗಾಳಿ ಮತ್ತು ಯಂತ್ರಗಳ ಒಂದು ಗುಂಯ್‌ಗುಟ್ಟುವಿಕೆ. ನಮ್ಮ ಮನೆಯವಳು ಫ್ರಿಜ್ಜು ಕೆಟ್ಟಿತೆಂದು ಎರಡು ಸಲ ಅಡುಗೆಮನೆಗೆ ಹೋಗಿ ನೋಡಿ ಬಂದಳು.

ಈಗ ಪ್ರಬಂಧದ ಮುಖ್ಯ ಪ್ರತಿಜ್ಞೆ. ನ್ಯಾಯದರ್ಶನಕಾರರು ಜ್ಞಾನಕ್ಕೆ ನಾಲ್ಕು ಪ್ರಮಾಣಗಳನ್ನು ಹೇಳಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಲಿಂಬೋ ಈ ನಾಲ್ಕನ್ನೂ ಖಂಡಿಸಿ ಐದನೆಯದೊಂದನ್ನು ಸ್ಥಾಪಿಸುತ್ತದೆ. ಅದು ಮರಣ.

ಪ್ರತ್ಯಕ್ಷದ ಖಂಡನೆ ಸುಲಭ. ಕಪ್ಪು ಹುಲ್ಲಿನಲ್ಲಿ ಕಪ್ಪು ಬೋನು, ಕರಡಿ ಹಿಡಿಯುವ ಹಲ್ಲಿನದು, ಬಾಯಿ ತೆರೆದು ಕೂತಿರುತ್ತದೆ. ಕಣ್ಣಿಗೆ ಕಾಣುವ ಮೊದಲು ಕಾಲಿಗೆ ಕಂಡಿರುತ್ತದೆ. ಉಪಮಾನವೂ ನಿಲ್ಲುವುದಿಲ್ಲ. ಹಸುವಿನಂತಿರುವುದು ಗವಯ ಎಂಬಂತೆ, ಜೇಡನ ಕಾಲಿನಂತಿರುವುದು ಜೇಡನ ಕಾಲೇ ಎಂದು ತಿಳಿದು ಹೆದರಿ ಹಿಂದೆ ಸರಿದರೆ, ಅದನ್ನು ಆಡಿಸುತ್ತಿರುವವರು ಬೇರೆ ಹುಡುಗರು, ಅದೊಂದು ಬರೀ ಯಂತ್ರ. ಶಬ್ದಪ್ರಮಾಣ, ಅಂದರೆ ಆಪ್ತವಾಕ್ಯ, ಆಟದಲ್ಲಿ ಇಲ್ಲವೇ ಇಲ್ಲ. ಹೊರಗಿನಿಂದ ಬರುವ “ಮಾವ, ಹಾರಿ!” ಆಪ್ತವಾಕ್ಯವೇ ಹೌದು, ಆದರೆ ಅದು ಯಾವಾಗಲೂ ಶವಸಂಸ್ಕಾರದ ಹೊತ್ತಿಗೆ ತಲಪುತ್ತದೆ.

ಅನುಮಾನದ ಖಂಡನೆಯೇ ಕೃತಿಯ ಶಿಖರ. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸುವುದಕ್ಕೆ ಹೊಗೆಗೂ ಬೆಂಕಿಗೂ ತಪ್ಪದ ವ್ಯಾಪ್ತಿಯಿರಬೇಕು. ಆಟದ ಒಂದು ಕಡೆ ಮೇಲಿನಿಂದ ಜಜ್ಜುವ ಭಾರಿ ಯಂತ್ರವೊಂದು ತೂಗುತ್ತಿದೆ. ಅದರ ಕೆಳಗೆ ನಡುವೆ ನೆಲದಿಂದ ತುಸು ಎದ್ದ ಒಂದು ಹಲಗೆ. ಸಹಜವಾಗಿ ಕಾಲಿಡುತ್ತೀರಿ. ಪಚಕ್. ಮರುಜನ್ಮದಲ್ಲಿ ಹಲಗೆಯನ್ನು ಹಾರಿ ದಾಟುತ್ತೀರಿ, ಏನೂ ಆಗುವುದಿಲ್ಲ. ‘ಎಲ್ಲಿ ಹಲಗೆಯೋ ಅಲ್ಲಿ ಸಾವು’ ಎಂಬ ವ್ಯಾಪ್ತಿ ಸಿದ್ಧವಾಯಿತು. ನಾಲ್ಕು ಹೆಜ್ಜೆ ಮುಂದೆ ಅಂಥದೇ ಇನ್ನೊಂದು ಯಂತ್ರ, ಅಂಥದೇ ಹಲಗೆ. ತಾರ್ಕಿಕನ ಗತ್ತಿನಲ್ಲಿ ಹಲಗೆಯನ್ನು ಬಿಟ್ಟು ಪಕ್ಕದ ನೆಲದ ಮೇಲೆ ಕಾಲಿಡುತ್ತೀರಿ. ಪಚಕ್. ಇಲ್ಲಿ ಕೊಲ್ಲುವುದು ನೆಲ, ಕಾಯುವುದು ಹಲಗೆ. ವ್ಯಭಿಚಾರಿಯಾದ ಹೇತು ಎಂದರೇನೆಂದು ಗುರುಗಳು ಒಂದು ಇಡೀ ಬೇಸಿಗೆ ವಿವರಿಸಿದರೂ ಹತ್ತದ್ದು ಇಲ್ಲಿ ಎರಡೇ ಪೆಟ್ಟಿಗೆ ಹತ್ತಿತು. ತಯಾರಕರು ತಮ್ಮ ಈ ವಿಧಾನವನ್ನು ‘ಟ್ರಯಲ್ ಅಂಡ್ ಡೆತ್’ ಎಂದೇ ಕರೆದುಕೊಂಡಿದ್ದಾರೆ. ಸೂತ್ರಕಾರರಿಗೆ ತಕ್ಕ ಸಂಕ್ಷೇಪ.

ಮರಣ ಪ್ರಮಾಣವಾದರೆ ಜ್ಞಾನ ಯಾರಿಗೆ ಹುಟ್ಟಿತು? ಹುಡುಗನಿಗಂತೂ ಅಲ್ಲ. ಅವನು ಎದ್ದಾಗಲೆಲ್ಲ ಹಸುಗೂಸು. ಹಿಂದಿನ ಸಲ ತಲೆ ಹಾರಿದ್ದು ಅವನ ನಡಿಗೆಯಲ್ಲಿ ಎಳ್ಳಷ್ಟೂ ಕಾಣುವುದಿಲ್ಲ. ಪೂರ್ವಜನ್ಮದ ನೆನಪು ಉಳಿದಿರುವುದು ಆಡುವವನ ಹೆಬ್ಬೆರಳಿನಲ್ಲಿ. ಬುದ್ಧಿ ಮರೆತರೂ ಅದು ಮರೆಯುವುದಿಲ್ಲ, ಹಲಗೆಯ ಹತ್ತಿರ ಬಂದಾಗ ತಾನಾಗಿ ಅಲುಗುತ್ತದೆ. ಕಠೋಪನಿಷತ್ತು ಒಳಗಿರುವ ಪುರುಷನನ್ನು ಹೆಬ್ಬೆರಳಿನಷ್ಟು ಗಾತ್ರದವನೆಂದು ವರ್ಣಿಸಿದೆ; ಭಾಷ್ಯಕಾರರು ಇದಕ್ಕೆ ಏನೇನೋ ಅರ್ಥ ಹೇಳಿದರು, ಅವರ ಕೈಯಲ್ಲಿ ಕಂಟ್ರೋಲರ್ ಇರಲಿಲ್ಲ. ಅದೇ ಉಪನಿಷತ್ತಿನಲ್ಲಿ ಯಮನ ಮನೆಗೆ ಹೋದವನೂ ಹುಡುಗನೇ. ವ್ಯತ್ಯಾಸ ಇಷ್ಟೇ: ನಚಿಕೇತ ಒಮ್ಮೆ ಹೋಗಿ ಮೂರು ವರ ತಂದ, ಇವನು ಸಂಜೆಯಿಡೀ ಹೋಗಿ ಬಂದರೂ ಸಿಗುವುದು ಹತ್ತು ಹೆಜ್ಜೆ ಹಿಂದಿನ ಜಾಗ.

ಇಲ್ಲಿ ಒಂದು ಪೂರ್ವಪಕ್ಷ ಎದ್ದಿತು. “ರೀ, ಬಲಗಡೆ ಹೋಗಿ ಅಷ್ಟು ಸಲ ಸಾಯೋ ಬದಲು ಎಡಗಡೆ ಹೋಗ್ಬಾರ್ದಾ?” ಪೂರ್ವಪಕ್ಷಿ ನಮ್ಮ ಮನೆಯವಳು, ಕೈಯಲ್ಲಿ ಬಟ್ಟೆಯ ಬಕೆಟ್ಟು. ಪೂರ್ವಪಕ್ಷ ಇರುವುದೇ ಖಂಡಿಸುವುದಕ್ಕೆ. ಖಂಡಿಸಲು ಆಟವನ್ನು ಮೊದಲಿನಿಂದ ಶುರುಮಾಡಿ ಎಡಕ್ಕೆ ನಡೆಸಿದೆವು. ಅಲ್ಲಿ ಹೊಳೆಯುವ ಮೊಟ್ಟೆಯೊಂದು ಅಡಗಿತ್ತು, ಅದನ್ನು ತುಳಿದಿದ್ದೇ ‘ರಾಂಗ್ ವೇ’ ಎಂಬ ಹೆಸರಿನ ಬಿರುದು ಪರದೆಯ ಮೇಲೆ ಬಂತು. ಶಾಸ್ತ್ರದ ಇತಿಹಾಸದಲ್ಲಿ ಪೂರ್ವಪಕ್ಷಕ್ಕೆ ಬಹುಮಾನ ಸಿಕ್ಕ ಇನ್ನೊಂದು ಪ್ರಸಂಗ ಪ್ರಬಂಧಕಾರನಿಗೆ ತಿಳಿಯದು. ವಕ್ತೃವಿಗೆ ಈ ಮೊಟ್ಟೆಯ ವಿಷಯ ಮೊದಲೇ ಗೊತ್ತಿತ್ತಂತೆ. ಕೇಳಲಿಲ್ಲವಲ್ಲ ಮಾವ, ಎಂದ.

ಶಾಸನತಜ್ಞರ ಅವಗಾಹನೆಗೆ: ಕಾಡು ಕಳೆದು ಪಟ್ಟಣ ಬರುವಾಗ ‘ಹೋಟೆಲ್’ ಎಂಬ ದೊಡ್ಡ ವಿದ್ಯುದ್ದೀಪದ ಫಲಕ ಸಿಗುತ್ತದೆ. ಕಾಲ ಇಲ್ಲ, ಅರಸನ ಹೆಸರಿಲ್ಲ, ದತ್ತಿಯ ವಿವರವಿಲ್ಲ. ಶಾಪಾಶಯ ಮಾತ್ರ ಇದೆ. ನಮ್ಮ ಶಾಸನಗಳಲ್ಲಿ ಕಲ್ಲಿಗೆ ಕೈಯಿಟ್ಟವನು ಮುಂದೆಂದೋ ನರಕಕ್ಕೆ ಹೋದರೆ, ಇಲ್ಲಿ ಉರಿಯುವ ಅಕ್ಷರ ಮುಟ್ಟಿದವನು ಸ್ಥಳದಲ್ಲೇ ಕರಕಲು. ಆಡಳಿತದ ದಕ್ಷತೆ ಮೆಚ್ಚಬೇಕು.

ಆಟ ಓದುಗನ ತಲೆಗಷ್ಟೇ ಅಲ್ಲ, ಹುಡುಗನ ತಲೆಗೂ ಹುಳ ಬಿಡುತ್ತದೆ. ಮೇಲಿನಿಂದ ಬಿದ್ದ ಹೊಳೆಯುವ ಹುಳವೊಂದು ನೆತ್ತಿಗೆ ಕಚ್ಚಿಕೊಂಡರೆ ಮುಗಿಯಿತು, ಅವನು ನಿಲ್ಲಲಾರ, ಮನಸ್ಸು ಬಂದಂತೆ ತಿರುಗಲಾರ. ಬೆಳಕು ತಾಗಿದಾಗ ಮಾತ್ರ ದಿಕ್ಕು ಬದಲಿಸುತ್ತಾನೆ. ಸೂರಿನಲ್ಲಿ ಜೋತುಬಿದ್ದ ಪ್ರಾಣಿಗಳು ಅದನ್ನು ಕಿತ್ತು ತಿನ್ನುವವರೆಗೂ ಬಿಡುಗಡೆಯಿಲ್ಲ. ಜೀವ ಪರತಂತ್ರ ಎಂದ ಮಧ್ವಾಚಾರ್ಯರ ಮತ ಇಲ್ಲಿ ನಿಚ್ಚಳವಾಗಿದೆ ಎಂದು ಉಡುಪಿ ಕಡೆಯ ಮಿತ್ರರೊಬ್ಬರು ಸಂತೋಷಪಟ್ಟರು. ಹುಳ ಯಾರ ಸ್ಥಾನದಲ್ಲಿದೆ ಎಂದು ಕೇಳಿದ ಮೇಲೆ ಫೋನು ಇಟ್ಟರು.

ಪ್ರಮಾಣವಾದಕ್ಕೆ ಬರಬಹುದಾದ ಗಂಭೀರ ಆಕ್ಷೇಪ ಒಂದೇ. ಒಂದೇ ಪಟ್ಟಿಗೆ ಕೂತು, ಐದಕ್ಕಿಂತ ಹೆಚ್ಚು ಸಲ ಸಾಯದೆ ಆಟ ಮುಗಿಸಿದವರಿಗೆ ‘ನೋ ಪಾಯಿಂಟ್ ಇನ್ ಡೈಯಿಂಗ್’ ಎಂಬ ಬಿರುದುಂಟು. ಸಾವೇ ಜ್ಞಾನದ ದಾರಿಯಾದರೆ ಸಾಯದವನಿಗೆ ಬಿರುದೇಕೆ? ಉತ್ತರ ಸರಳ. ಮೊದಲ ಸಲಕ್ಕೇ ಹಾಗೆ ಮುಗಿಸುವುದು ಮನುಷ್ಯಮಾತ್ರದವರಿಂದ ಆಗದು. ಅವನು ಹಿಂದಿನ ಆಟಗಳಲ್ಲಿ ಸಾಯುವಷ್ಟನ್ನೂ ಸತ್ತು ತೀರಿಸಿಕೊಂಡ ಜೀವನ್ಮುಕ್ತ. ಆ ಐದು ಪ್ರಾರಬ್ಧ ಶೇಷ.

ಕೊನೆಯಲ್ಲಿ ಹುಡುಗ ಗಾಜು ಒಡೆದು ಹೊರಬಿದ್ದು, ಕಾಡಿನಲ್ಲಿ ಬೆನ್ನು ಹಾಕಿ ಕೂತ ಹುಡುಗಿಯ ಹತ್ತಿರ ಹೋಗುತ್ತಾನೆ. ಅವಳು ಬೆಚ್ಚುತ್ತಾಳೆ. ಆಟ ಮುಗಿಯುತ್ತದೆ. ಸತ್ತವನು ಅವನೋ, ಅವಳೋ, ಇಬ್ಬರೂವೋ ಎಂದು ಲೋಕ ಇನ್ನೂ ಬಡಿದಾಡುತ್ತಿದೆ. ಕಂದಪದ್ಯದಷ್ಟೂ ಪಠ್ಯವಿಲ್ಲದ ಕಡೆ ಪಾಠಾಂತರದ ಚರ್ಚೆಗೆ ಇಳಿಯುವುದು ಸಾಧುವಲ್ಲವೆಂದು ಇಲ್ಲಿ ಬಿಟ್ಟಿದೆ.

ಇದೇ ಸಂಸ್ಥೆಯ ‘ಇನ್‌ಸೈಡ್’ 2016ರಲ್ಲಿ ಬಂದಿದ್ದು, ಎರಡನೆಯ ಸಂಪುಟಕ್ಕೆ ಸಾಮಗ್ರಿ ಧಾರಾಳವಾಗಿದೆ. ಅಲ್ಲಿನ ಹುಡುಗ ಕೆಂಪಂಗಿ ತೊಟ್ಟಿದ್ದಾನೆ, ಭರತನ ಪ್ರಕಾರ ಕೆಂಪು ರೌದ್ರಕ್ಕೆ. ಆಂಡರ್ಸನ್ ಈ ಸಲ ನಿಜವಾದ ಮನುಷ್ಯನ ತಲೆಬುರುಡೆಯ ಮೂಲಕ ನಾದವನ್ನು ಹಾಯಿಸಿ ಮುದ್ರಿಸಿಕೊಂಡಿದ್ದಾರೆ, ಇದರಲ್ಲಿ ಕಾಪಾಲಿಕ ಪ್ರಭಾವ ಹುಡುಕಲು ಅವಕಾಶವಿದೆ. ಅಟ್ಟಿಸಿಕೊಂಡು ಬರುವ ನಾಯಿಗಳೂ ಇವೆ. ಕ್ಷೇತ್ರಕಾರ್ಯ ಶುರುವಾಗದಿರುವುದಕ್ಕೆ ಕಾರಣ ಬೇರೆ: ಮುಂದಿನ ಸಂಪುಟದಲ್ಲಿ ತನ್ನ ಹೆಸರನ್ನು ವಕ್ತೃ ಎಂದಲ್ಲ, ಸಹಲೇಖಕ ಎಂದು ಹಾಕಬೇಕೆಂದು ವಕ್ತೃ ಪಟ್ಟುಹಿಡಿದಿದ್ದಾನೆ. ಮೊಟ್ಟೆಯ ಲೆಕ್ಕದಲ್ಲಿ ನಮ್ಮ ಮನೆಯವಳ ಅರ್ಜಿಯೂ ಬಂದಿದೆ. ಯಾರ ಹೆಸರು ಮೊದಲು ಎಂಬುದರ ಮೇಲೆ ಚರ್ಚೆ ನಡೆದಿದೆ, ಕಂಟ್ರೋಲರ್ ಸದ್ಯಕ್ಕೆ ಅವರಿಬ್ಬರ ವಶದಲ್ಲಿದೆ.