ಮೇಲಧಿಕಾರಿ

ನಮ್ಮ ಬೀದಿಯ ರಾಯರು ಸರ್ಕಾರಿ ಕಚೇರಿಯಲ್ಲಿ 34 ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಆಮೇಲೆ ಆರು ತಿಂಗಳು ಅಂಡು ಸುಟ್ಟ ಬೆಕ್ಕಿನ ಹಾಗೆ ಜಗಲಿಯಲ್ಲೇ ಓಡಾಡಿದರು. ಪಿಂಚಣಿ ಬರುತ್ತಿತ್ತು, ಬೈಯಲು ಸಾಹೇಬರಿರಲಿಲ್ಲ. ಒಂದು ಮಳೆಯ ರಾತ್ರಿ ನಿಜವಾದ ಬೆಕ್ಕೇ ಬಂತು. ಖಾಲಿ ಹುದ್ದೆ ಭರ್ತಿಯಾಯಿತು.

ಬೆಕ್ಕು ಅಡ್ಡ ಬಂದರೆ ವಾಪಸು ಬಂದು ನೀರು ಕುಡಿದು ಹೊರಡುತ್ತಿದ್ದ ಮನುಷ್ಯ. ಈಗ ಅದು ನಡುಮನೆಯಲ್ಲೇ ದಿನಕ್ಕೆ ನಲವತ್ತು ಸಲ ಅಡ್ಡ ಬರುತ್ತದೆ. ರಾಯರೇ ದಾರಿ ಬಿಟ್ಟು ನಿಲ್ಲುತ್ತಾರೆ.

ಮೊದಲ ದಿನ ಬಟ್ಟಲು ತುಂಬ ಹಾಲಿಟ್ಟರು. ಮರುದಿನ ಸಾಹೇಬರಿಗೆ ಭೇದಿ.

“ಬೆಳೆದ ಬೆಕ್ಕಿಗೆ ಸಾಮಾನ್ಯವಾಗಿ ಹಾಲು ಅರಗಲ್ಲ ರಾಯರೇ, ನೀರಿಡಿ” ಎಂದರು ಪಶುವೈದ್ಯರು.

“ಹಾಗಾದ್ರೆ ಹಾಲು ಕಂಡರೆ ಓಡ್ತಿದ್ದ ತೆನಾಲಿ ರಾಮನ ಬೆಕ್ಕೇ ಜಾಣ!”

“ಈರುಳ್ಳಿ, ಬೆಳ್ಳುಳ್ಳಿ ತೋರಿಸಲೇಬೇಡಿ. ವಿಷ.”

ರಾಯರ ಮುಖ ಅರಳಿತು. “ನಮ್ಮವರೇ ಅನ್ನಿ!”

“ಆದ್ರೆ ಮಾಂಸ ಬೇಕೇ ಬೇಕು. ಅದರಲ್ಲಿರೋ ಟಾರಿನ್ ಸಿಗದಿದ್ರೆ ಕಣ್ಣು, ಹೃದಯ ಎರಡೂ ಕೆಡುತ್ತೆ. ಬರೀ ಮೊಸರನ್ನ ನಡೆಯಲ್ಲ.”

ರಾಯರು ಸುಮ್ಮನಾದರು. ಅಂದಿನಿಂದ ಹಿತ್ತಿಲ ಒಗೆಯುವ ಕಲ್ಲಿನ ಹಿಂದೆ ಒಂದು ತಗಡಿನ ಡಬ್ಬಿಯಿದೆ. ಮೇಲೆ ಕೆಂಪು ಶಾಯಿಯಲ್ಲಿ ‘ಗೋಪ್ಯ’ ಎಂದು ಬರೆದಿದೆ.

ಕಡತವೂ ಉಂಟು. ರೇಬಿಸ್ ಲಸಿಕೆ, ಜಂತಿನ ಮಾತ್ರೆ, ಸಂತಾನಹರಣ ಎಲ್ಲಕ್ಕೂ ತಾರೀಖು. ಮರಳಿನ ತಟ್ಟೆಯಲ್ಲಿ ದಿನಕ್ಕೆ ಎಷ್ಟು ಉಂಡೆ ಎಂಬುದಕ್ಕೂ ಒಂದು ಕಾಲಂ.

“ಅದರ ಉಚ್ಚೆ ಲೆಕ್ಕ ಬರೀತೀರಲ್ಲ, ನಿಮ್ಮ ಶುಗರ್ ಎಷ್ಟಿದೆ ಗೊತ್ತೇನ್ರೀ?” ಎಂದರು ಅವರ ಮನೆಯವರು.

“ಗಂಡು ಬೆಕ್ಕಿಗೆ ಮೂತ್ರ ಕಟ್ಟಿದ್ರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತೆ ಕಣೇ. ನನ್ನ ಶುಗರ್ ಎಲ್ಲಿಗೆ ಹೋಗುತ್ತೆ?”

ಸಾಹೇಬರ ನಿದ್ದೆ ದಿನಕ್ಕೆ ಹದಿನಾಲ್ಕು ಗಂಟೆ. ತಮ್ಮ ಇಡೀ ಸರ್ವೀಸಿನಲ್ಲಿ ಇಷ್ಟು ಮಲಗುವ ಅಧಿಕಾರಿಯನ್ನು ರಾಯರು ಒಬ್ಬರನ್ನೇ ಕಂಡಿದ್ದರಂತೆ. ಸಂಜೆ ಹಳೆಯ ಫೈಲಿನ ಕೆಂಪು ಪಟ್ಟಿ ಎಳೆದು ಬೇಟೆಯಾಡಿಸುತ್ತಾರೆ. ಆಟ ಮುಗಿದೊಡನೆ ಅದು ಬೀರುವಿಗೆ. ನುಂಗಿಬಿಟ್ಟರೆ ಕರುಳಿಗೆ ಕಂಟಕ. ಕೆಂಪು ಪಟ್ಟಿಯಿಂದ ಜೀವ ಹೋಗುತ್ತದೆಂದು ಒಪ್ಪಿಕೊಂಡ ಗುಮಾಸ್ತರು ಬಹುಶಃ ಇವರೊಬ್ಬರೇ.

ಹೋದ ವಾರ ಮಗ ಬೆಂಗಳೂರಿಂದ ಫೋನು ಮಾಡಿ, ನಾಲ್ಕು ದಿನ ಬಂದಿರಿ ಎಂದ. ರಾಯರು ಸೂಟ್‌ಕೇಸ್ ತೆರೆದು ಎರಡು ಪಂಚೆ ಇಟ್ಟು, ಕನ್ನಡಕ ಹುಡುಕಲು ಹೋದರು. ಬರುವಷ್ಟರಲ್ಲಿ ಸಾಹೇಬರು ಪಂಚೆಯ ಮೇಲೆ ಸುರುಳಿ ಸುತ್ತಿ ಮಲಗಿದ್ದರು.

ರಾಯರು ಸ್ವಲ್ಪ ಹೊತ್ತು ಕೈಕಟ್ಟಿ ನಿಂತರು. ಆಮೇಲೆ ಸದ್ದಾಗದಂತೆ ಹೊರಗೆ ಬಂದು ಮಗನಿಗೆ ಫೋನು ಹಚ್ಚಿ, ಪಿಸುಮಾತಿನಲ್ಲಿ ಹೇಳಿದರು:

“ರಜೆ ಮಂಜೂರಾಗಲಿಲ್ಲ ಕಣಪ್ಪ.”