ಸುರ್ಕಿ ಗಾರೆಗೆ ಬದಲಿ ನಟಿ

ಮಳೆ ಹಿಡಿಯಿತೆಂದರೆ ಮಲಯಾಳಿಗಳಿಗೆ ಇವತ್ತಿಗೂ ಸುಮಲತಾ ನೆನಪಾಗುತ್ತಾರೆ, 1987ರ ‘ತೂವಾನತುಂಬಿಗಳ್’ ಚಿತ್ರದ ಕ್ಲಾರಾ ಆಗಿ. ನಮ್ಮ ಮಂಡ್ಯಕ್ಕೆ ಆಕೆಯ ನಟನೆ ಯಾಕೆ ಬೇಕು? ‘ಅಂಬರೀಶಣ್ಣನ ಹೆಂಡ್ತಿ’ ಅಂದರೆ ಮುಗೀತು. 2019ರಲ್ಲಿ ಚುನಾವಣೆಗೆ ನಿಂತಾಗ, ಗಂಡ ತೀರಿಕೊಂಡು ಎಷ್ಟು ತಿಂಗಳಾಯಿತು ಎಂದು ಲೆಕ್ಕ ಕೇಳಿದವರು ಸಚಿವರೇ. ಸೂತಕದ ನೀತಿಸಂಹಿತೆಯನ್ನೂ ಚುನಾವಣಾ ಆಯೋಗವೇ ನೋಡಿಕೊಳ್ಳುತ್ತದೆ ಅಂದುಕೊಂಡಿದ್ದರೋ ಏನೋ.

ಹಿಂದಿನ ವರ್ಷವಷ್ಟೇ ಜಿಲ್ಲೆಯ ಏಳಕ್ಕೆ ಏಳೂ ವಿಧಾನಸಭಾ ಕ್ಷೇತ್ರ ಜೆಡಿಎಸ್ ಪಾಲಾಗಿತ್ತು. ಎದುರಾಳಿ ಅದೇ ಪಕ್ಷದ ಮುಖ್ಯಮಂತ್ರಿ ಕುಮಾರಸ್ವಾಮಿಯವರ ಮಗ. ಸಾಲದ್ದಕ್ಕೆ ಕಣದಲ್ಲಿ ಇನ್ನೂ ಮೂವರು ಸುಮಲತಾ ಉದ್ಭವವಾದರು. ಜನ ಎಡವಲಿಲ್ಲ, ಕಹಳೆ ಊದುವ ರೈತನನ್ನು ಹುಡುಕಿ ಒತ್ತಿದರು. ಅಂತರ 1,25,876. ಇದಕ್ಕೆ ಇಟ್ಟ ಹೆಸರು ‘ಮಂಡ್ಯದ ಸ್ವಾಭಿಮಾನ’.

2021ರ ಜುಲೈನಲ್ಲಿ ಸಂಸದೆ ಕಲ್ಲುಕ್ವಾರಿಯ ತಂಟೆಗೆ ಹೋದರು. ಪಾಂಡವಪುರದ ಬೇಬಿ ಬೆಟ್ಟದ ಸುತ್ತ ‘ಢಂ’ ಅಂದರೆ ಅಟ್ಟದ ಪಾತ್ರೆ ಅಲುಗುತ್ತದೆ, ಗೋಡೆ ಸೀಳುತ್ತದೆ. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಆಕೆ ಇದರಿಂದ ಕೆ.ಆರ್.ಎಸ್. ಅಣೆಕಟ್ಟೆಗೂ ಬಿರುಕು ಎಂಬ ಮಾತೆತ್ತಿದರು. ಬಿರುಕೇ ಇಲ್ಲ ಅಂದರು ಅಧಿಕಾರಿಗಳು. ಅಷ್ಟಕ್ಕೇ ಬಿಡಬಹುದಿತ್ತು. ಆದರೆ ನೀರು ಸೋರುತ್ತಿದ್ದರೆ ಸುಮಲತಾ ಅವರನ್ನೇ ಗೇಟಿಗೆ ಅಡ್ಡ ಮಲಗಿಸಿ ಎಂಬ ಎಂಜಿನಿಯರಿಂಗ್ ಸಲಹೆ ಬಂತು, ಮಾಜಿ ಮುಖ್ಯಮಂತ್ರಿ ಕುಮಾರಸ್ವಾಮಿಯವರಿಂದ! 124.80 ಅಡಿ ನೀರು ತಡೆಯಲು ವಿಶ್ವೇಶ್ವರಯ್ಯನವರ ಕಾಲದವರು ಪಾಪ, ಸುರ್ಕಿ ಗಾರೆ ಅರೆದು ಅರೆದು ಸುಸ್ತಾಗಿದ್ದರು. ಅವರಿಗೆ ಈ ಉಪಾಯ ಹೊಳೆದಿರಲಿಲ್ಲ.

ಟಿ.ವಿ.ಯವರಿಗೆ ಖರ್ಚಿಲ್ಲದ ಧಾರಾವಾಹಿ ಸಿಕ್ಕಿತು. ನಟಿಯ ಮುಖದ ಮೇಲಿಟ್ಟ ಕ್ಯಾಮೆರಾ ಕ್ವಾರಿಯ ಕಡೆ ತಿರುಗಿದ್ದು ಅಪರೂಪ. ಕಟ್ಟೆಯ ಸುತ್ತ 20 ಕಿ.ಮೀ. ಒಳಗೆ ಗಣಿಗಾರಿಕೆ ಬೇಡ ಅಂತ 2024ರ ಜನವರಿಯಲ್ಲಿ ಹೈಕೋರ್ಟ್ ಅಂದಾಗ ಆ ಹಳೇ ಎಪಿಸೋಡು ಯಾರಿಗೆ ನೆನಪಿತ್ತು?

ಏಪ್ರಿಲ್ ಹೊತ್ತಿಗೆ ‘ಸ್ವಾಭಿಮಾನ’ ಬಿಜೆಪಿ–ಜೆಡಿಎಸ್ ಮೈತ್ರಿಧರ್ಮವಾಗಿ ಬಡ್ತಿ ಪಡೆಯಿತು. ಸುಮಲತಾ ಗೇಟಿಗೆ ಅಡ್ಡ ಮಲಗಲಿಲ್ಲ. ಬಿಜೆಪಿ ಸೇರಿ, ಸೀಟು ಬಿಟ್ಟು ಪಕ್ಕಕ್ಕೆ ಸರಿದರು. ಸೀಟು ಯಾರಿಗೆ? ಮಲಗಿಸಿ ಅಂದವರಿಗೇ. ಅವರು ಗೆದ್ದರು, ಕೇಂದ್ರದಲ್ಲಿ ಉಕ್ಕಿನ ಸಚಿವರೂ ಆದರು. ಇನ್ನು ಗೇಟು ಸೋರಿದರೆ ಅಡ್ಡ ಇಡಲು ಖಾತೆಯಲ್ಲೇ ತಗಡಿದೆ. ಹೆಂಗಸರು ನಿಶ್ಚಿಂತೆಯಿಂದ ಇರಬಹುದು.