ಯಾವ ಚಂದ್ರು?

ನಮ್ಮ ಬೀದಿಯಲ್ಲಿ ನಿಂತು ‘ಚಂದ್ರೂ’ ಅಂತ ಒಂದು ಕೂಗು ಹಾಕಿದರೆ ನಾಲ್ಕು ಬಾಗಿಲು ತೆರೆಯುತ್ತವೆ. ಕರೆಂಟ್ ಚಂದ್ರು, ಗಿರಣಿ ಚಂದ್ರು, ಎಲ್‌ಐಸಿ ಚಂದ್ರು, ನಾಲ್ಕನೆಯವನು ನಾನು. ಮೂವತ್ತು ವರ್ಷ ಗುಮಾಸ್ತಿಕೆ ಮಾಡಿ ನಿವೃತ್ತನಾದರೂ ಬೀದಿ ನನಗೆ ದಯಪಾಲಿಸಿದ ಬಿರುದು ‘ಮೂಲೆಮನೆ ಚಂದ್ರು’. ಅವರನ್ನು ಕಸುಬಿನಿಂದ ಗುರುತಿಸುತ್ತಾರೆ, ನನ್ನನ್ನು ಸೈಟಿನಿಂದ.

ಕಳೆದ ಮಳೆಗಾಲದ ಒಂದು ರಾತ್ರಿ ಟ್ರಾನ್ಸ್‌ಫಾರ್ಮರ್ ಢಂ ಎಂದಿತು. ಹನ್ನೊಂದು ಗಂಟೆಗೆ ನನ್ನ ಫೋನು.

“ಚಂದ್ರು ಅವರಾ? ಬೇಗ ಬನ್ನಿ ಸ್ವಾಮಿ, ಕಿಡಿ ಬರ್ತಿದೆ!”

“ಎಲ್ಲಿಗೆ ಬರಲಿ?”

“ಇನ್ನೆಲ್ಲಿಗೆ, ಕಂಬಕ್ಕೆ!”

ಬಲ್ಬು ಬದಲಿಸಬೇಕಾದರೂ ಹೆಂಡತಿಯಿಂದ ಸ್ಟೂಲು ಹಿಡಿಸುವವನು ನಾನು. “ಅದೇ ಹೆಸರಿಟ್ಟುಕೊಂಡು ಯಾರ್‍ಯಾರು ಏನೇನು ಮಾಡಿದ್ದಾರೆ, ನೀವು ಒಂದು ಕಂಬ ಹತ್ತಲಾರಿರಿ” ಎಂದಳು. ಸಿಟ್ಟು ಬಂತು. ಲೆಕ್ಕ ಹಾಕುತ್ತ ಕೂತೆ. ಕೂರಬಾರದಿತ್ತು.

ಪೋಲಿಯೋದಿಂದ ಸೊರಗಿದ ಬಲಗೈಯಲ್ಲೇ ಚೆಂಡು ತಿರುಗಿಸಿದ ನಮ್ಮ ಮೈಸೂರಿನ ಬಿ.ಎಸ್. ಚಂದ್ರಶೇಖರ್ 58 ಟೆಸ್ಟುಗಳಲ್ಲಿ 242 ವಿಕೆಟ್ ಕಿತ್ತರು. ಹೊಡೆದ ರನ್ನು ಮಾತ್ರ 167. ಬ್ಯಾಟಿನ ಮಟ್ಟಿಗೆ ನಾವಿಬ್ಬರೂ ಸರಿಸಮ ಎಂದು ಸಮಾಧಾನಪಟ್ಟುಕೊಂಡೆ. ಆದರೆ 1983 ಎದುರಾಯಿತಲ್ಲ! ಆ ವರ್ಷ ಒಬ್ಬ ಚಂದ್ರಶೇಖರ್ ಕನ್ಯಾಕುಮಾರಿಯಿಂದ ದೆಹಲಿಗೆ ನಡೆದೇ ಹೋದರು; ಮುಂದೆ ಪ್ರಧಾನಿಯೂ ಆದರು. ಇನ್ನೊಬ್ಬರಿಗೆ ನೊಬೆಲ್ ಬಂತು. ಅವರು ಹತ್ತೊಂಬತ್ತರ ವಯಸ್ಸಿನಲ್ಲಿ, 1930ರಲ್ಲಿ, ಇಂಗ್ಲೆಂಡಿಗೆ ಹೊರಟು ಹಡಗಿನಲ್ಲಿ ಕೂತು ಸಾಯುವ ನಕ್ಷತ್ರಗಳ ಲೆಕ್ಕ ಬಿಡಿಸಿದ್ದರಂತೆ. 1983ರಲ್ಲಿ ನನಗೂ ಹತ್ತೊಂಬತ್ತು. ಪಿಯುಸಿ ಗಣಿತಕ್ಕೆ ಎರಡನೇ ಸಲ ಫೀಸು ಕಟ್ಟಿದ್ದೆ.

ಉತ್ತರ ಕರ್ನಾಟಕದವರು ಅಡ್ಡಹೆಸರಿನಿಂದ ಪಾರಾಗುತ್ತಾರೆ. ಚಂದ್ರಶೇಖರ ಕಂಬಾರ ಎಂದರೆ ಒಬ್ಬರೇ, ಚಂದ್ರಶೇಖರ ಪಾಟೀಲರಂತೂ ‘ಚಂಪಾ’ ಆಗಿ ಹೆಸರನ್ನೇ ಮಡಚಿ ಜೇಬಿಗಿಟ್ಟುಕೊಂಡರು. ನಮ್ಮ ಕಡೆಯವರಿಗೆ ಇನಿಷಿಯಲ್ಲೇ ಗತಿ. ಅದನ್ನು ನಂಬಿದರೆ ಕೆಟ್ಟಿರಿ. ಸಿ.ವಿ. ರಾಮನ್ನರ ‘ಸಿ’ ಎಂದರೆ ಅವರ ತಂದೆ ಚಂದ್ರಶೇಖರ ಅಯ್ಯರ್. ತಾತನ ಹೆಸರು ಮೊಮ್ಮಕ್ಕಳಿಗೆ ಬರಬೇಕಲ್ಲ? ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್, ಸೋದರಿಯ ಮಗ ಶಿವರಾಮಕೃಷ್ಣ ಚಂದ್ರಶೇಖರ್. ಇಬ್ಬರೂ ಎಸ್. ಚಂದ್ರಶೇಖರ್, ಇಬ್ಬರೂ ಭೌತವಿಜ್ಞಾನಿಗಳು, ಇಬ್ಬರೂ ಲಂಡನ್ನಿನ ರಾಯಲ್ ಸೊಸೈಟಿಯ ಫೆಲೋಗಳು! ಹಡಗಿನಲ್ಲಿ ಲೆಕ್ಕ ಬಿಡಿಸಿದವರು ಮೊದಲನೆಯವರು. ಎರಡನೆಯವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೂತು, ಬಿಲ್ಲೆಯಾಕಾರದ ಅಣುಗಳಿಂದಲೂ ದ್ರವಸ್ಫಟಿಕವಾಗುತ್ತದೆ ಎಂದು 1977ರಲ್ಲಿ ಸಹೋದ್ಯೋಗಿಗಳೊಂದಿಗೆ ತೋರಿಸಿಕೊಟ್ಟರು. ಅವರ ಮನೆಯ ಮದುವೆಗೆ ಹೋದವರು “ರಾಮನ್ನರ ಸಂಬಂಧಿ, ವಿಜ್ಞಾನಿ, ಎಸ್. ಚಂದ್ರಶೇಖರ್ ಎಲ್ಲಿ?” ಎಂದು ವಿಚಾರಿಸಿದ್ದರೆ ಗತಿಯೇನು! ಆ ಮನೆಯಲ್ಲಿ ಕಂಬ ಹತ್ತುವ ಚಂದ್ರು ಒಬ್ಬನೂ ಇರಲಿಲ್ಲವೆಂಬುದಷ್ಟೇ ನನ್ನ ಸಂತೋಷ.

ಇದನ್ನೆಲ್ಲ ಹೆಂಡತಿಗೆ ವಿವರಿಸಿದೆ. ಪೂರ್ತಿ ಕೇಳಿ, “ಗಿರಣಿ ಚಂದ್ರು ಹತ್ರ ರಾಗಿ ಬೀಸಿಸಿಕೊಂಡು ಬನ್ನಿ” ಎಂದು ಡಬ್ಬ ಕೈಗಿತ್ತಳು.

ಓದುಗರಲ್ಲಿ ಒಂದು ವಿನಂತಿ. ಫೋನ್ ಮಾಡುವುದಾದರೆ ರಾತ್ರಿ ಒಂಬತ್ತರೊಳಗೆ ಮಾಡಿ. ಕಿಡಿ ಬರುತ್ತಿದ್ದರೆ ನನಗೆ ಬೇಡ. ಕರೆಂಟ್ ಚಂದ್ರುವಿನ ನಂಬರನ್ನು ನಮ್ಮ ಗೇಟಿಗೇ ಬರೆದು ಅಂಟಿಸಿದ್ದೇನೆ.